‘ಹೌ ಟು ಸರ್ವೈವ್ ಎ ಪ್ಲೇಗ್’ ನೋಡಿದೆ. ಬೀದಿಗಿಳಿದಿದ್ದರಿಂದ ನಿಜವಾಗಿ ಔಷಧಿ ಬೇಗ ಬಂತಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವಳು, ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೊನ್ನೆ ರಾತ್ರಿ ‘ಹೌ ಟು ಸರ್ವೈವ್ ಎ ಪ್ಲೇಗ್’ ನೋಡಿದೆ. ಅಮೆರಿಕದ ಏಡ್ಸ್ ಹೋರಾಟದ ಬಗ್ಗೆ ಡೇವಿಡ್ ಫ್ರಾನ್ಸ್ ಎಂಬ ಪತ್ರಕರ್ತ 2012ರಲ್ಲಿ ಮಾಡಿದ ಡಾಕ್ಯುಮೆಂಟರಿ. ಮುಗಿದಾಗ ಒಂದು ಗಂಟೆ ದಾಟಿತ್ತು. ಆಮೇಲೂ ನಿದ್ದೆ ಬರಲಿಲ್ಲ.

ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ನ್ಯೂಯಾರ್ಕಿನಲ್ಲಿ 1987ರ ಮಾರ್ಚ್‌ನಲ್ಲಿ ಆಕ್ಟ್ ಅಪ್ ಎಂಬ ಗುಂಪು ಶುರುವಾಗುತ್ತದೆ. ಏಡ್ಸ್‌ನ ಮೊದಲ ವರದಿ ಬಂದು ಆಗಲೇ ಆರು ವರ್ಷ ಆಗಿತ್ತು. ಸಲಿಂಗಿ ಗಂಡಸರು, ಅದರಲ್ಲೂ ಇಪ್ಪತ್ತು ಮೂವತ್ತರ ವಯಸ್ಸಿನವರು, ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು. ಊಟದ ತಟ್ಟೆಯನ್ನು ವಾರ್ಡಿನ ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದ ಕಾಲ ಅದು. ಆ ಗುಂಪಿನವರೇ ಹ್ಯಾಂಡಿಕ್ಯಾಮ್ ಹಿಡಿದು ತಮ್ಮ ಸಭೆ, ಜಗಳ, ಧರಣಿ, ಮನೆಯೊಳಗಿನ ಹುಟ್ಟುಹಬ್ಬ ಎಲ್ಲವನ್ನೂ ಚಿತ್ರ ತೆಗೆದಿಟ್ಟಿದ್ದಾರೆ. ಡಾಕ್ಯುಮೆಂಟರಿಯ ಬಹುಪಾಲು ಆ ಹಳೇ ಟೇಪುಗಳೇ. ವರ್ಷ ಉರುಳಿದ ಹಾಗೆ ಸತ್ತವರ ಲೆಕ್ಕ ಪರದೆ ಮೇಲೆ ಬರುತ್ತದೆ. ಯಾರು ಉಳಿದರು, ಯಾರು ಹೋದರು ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. ಹಾಗಾಗಿ ಪ್ರತಿ ಮುಖ ಕಂಡಾಗಲೂ ಇವರೊಬ್ಬರು ಉಳಿದಿರಲಿ ದೇವರೇ ಅಂದುಕೊಳ್ಳುತ್ತಾ ಕೂತಿದ್ದೆ.

ಬಾಬ್ ರಾಫ್‌ಸ್ಕಿ ಎಂಬುವರಿದ್ದಾರೆ. ಮೊದಲು ಪಬ್ಲಿಕ್ ರಿಲೇಶನ್ಸ್ ಕೆಲಸದಲ್ಲಿದ್ದವರು, ಒಬ್ಬಳು ಪುಟ್ಟ ಮಗಳು. 1992ರಲ್ಲಿ ಬಿಲ್ ಕ್ಲಿಂಟನ್ ಚುನಾವಣೆಗೆ ನಿಂತಿದ್ದಾಗ ಅವರ ಸಭೆಯಲ್ಲೇ ಎದ್ದು ನಿಂತು, ನೀವು ಏಡ್ಸ್ ಬಗ್ಗೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಅದೇ ವರ್ಷ ನವೆಂಬರ್‌ನಲ್ಲಿ, ಮತದಾನದ ಹಿಂದಿನ ದಿನ, ಗೆಳೆಯನ ಹೆಣವನ್ನು ತೆರೆದ ಪೆಟ್ಟಿಗೆಯಲ್ಲೇ ಹೊತ್ತು ಜಾರ್ಜ್ ಬುಷ್ ಅವರ ಚುನಾವಣಾ ಕಚೇರಿವರೆಗೆ ಬೀದಿಯಲ್ಲಿ ಮೆರವಣಿಗೆ. ಅಲ್ಲಿ ರಾಫ್‌ಸ್ಕಿ ಮಾತಾಡುತ್ತಾರೆ. ನಾಲ್ಕು ತಿಂಗಳೊಳಗೆ ಅವರೂ ಹೋದರು.

ಈಗ ನನ್ನ ಪ್ರಶ್ನೆ. ನಾನು ಮಕ್ಕಳಿಗೆ ಔಷಧಿ ಟ್ರಯಲ್‌ನ ಹಂತಗಳನ್ನು ಪಾಠ ಮಾಡುವವಳು. ಪ್ರಾಣಿಗಳ ಮೇಲೆ, ಆಮೇಲೆ ಕೆಲವರ ಮೇಲೆ, ಆಮೇಲೆ ಜಾಸ್ತಿ ಜನರ ಮೇಲೆ. ಅವಸರ ಮಾಡಬಾರದು ಅಂತಲೇ ಹೇಳುತ್ತೇನೆ. ಇಲ್ಲಿ ನೋಡಿದರೆ ಜನ ಔಷಧಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಕಚೇರಿಗೇ ಮುತ್ತಿಗೆ ಹಾಕಿ ಬೇಗ ಕೊಡಿ ಅನ್ನುತ್ತಾರೆ. ಆದರೆ ನಿಜವಾಗಿ ಕೆಲಸ ಮಾಡಿದ ಔಷಧಿ ಬಂದಿದ್ದು 1996ರಲ್ಲಿ. ಹೋರಾಟ ಶುರುವಾಗಿ ಒಂಬತ್ತು ವರ್ಷ ಆದ ಮೇಲೆ. ವೈರಸ್ಸಿಗೆ ಘೋಷಣೆ ಕೇಳಿಸುವುದಿಲ್ಲ ಅಲ್ವಾ? ಹಾಗಿದ್ದರೆ ಆ ಒಂಬತ್ತು ವರ್ಷ ಅವರು ಗಳಿಸಿದ್ದೇನು? ಸಾಯುವವರ ಸಿಟ್ಟು ನ್ಯಾಯವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಅದರಿಂದ ಔಷಧಿ ಬೇಗ ಬಂತಾ ಅನ್ನುವುದಷ್ಟೇ ಪ್ರಶ್ನೆ. ಇನ್ನೊಂದು. ಚರ್ಚ್ ಒಳಗೆ ಪ್ರಾರ್ಥನೆ ನಡೆಯುವಾಗ ನುಗ್ಗಿ ಕೂಗುವ ದೃಶ್ಯ ಬರುತ್ತದೆ. ಅದನ್ನು ನೋಡಲು ಕಷ್ಟವಾಯಿತು. ನನ್ನ ವಿದ್ಯಾರ್ಥಿಗಳಿಗೆ ಈ ಚಿತ್ರ ತೋರಿಸಬೇಕು ಅಂತಿದ್ದೇನೆ, ಅದಕ್ಕೆ ಮೊದಲು ಗೊತ್ತಿರುವವರು ಹೇಳಿ.

ಜೆರ್ಸಿ_ಕನ್ನಡಿಗ:

ತುಂಗಾತೀರ ಅವರೇ, ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ಲೆಕ್ಕ ನೋಡುವ ಕೆಲಸದಲ್ಲಿದ್ದೇನೆ. ಚಿತ್ರ ನೋಡಿದಾಗ ಇದೇ ಪ್ರಶ್ನೆ ನನಗೂ ಬಂತು, ಆಮೇಲೆ ಒಂದಷ್ಟು ಓದಿದೆ. ನನ್ನ ಉತ್ತರ ಹೌದು, ಬೇಗ ಬಂತು. ಆದರೆ ಅವರು ಬೀದಿಯಲ್ಲಿ ಕೂಗಿ ಮನೆಗೆ ಬಂದು ರಾತ್ರಿಯಿಡೀ ಓದುತ್ತಿದ್ದರು, ಎರಡೂ ಸೇರಿ ಆಗಿದ್ದು ಅದು. ನಡುವೆ ಒಂದು ಕಡೆ ಅವರ ಲೆಕ್ಕ ತಪ್ಪಿತು. ತಪ್ಪಿದ್ದನ್ನು ತಾವೇ ಕಂಡುಕೊಂಡು ದಾರಿ ಬದಲಿಸಿದರು. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಮುಖ್ಯ ಅನಿಸುವುದು ಅದೇ.

ಏಡ್ಸ್‌ಗೆ ಅನುಮತಿ ಸಿಕ್ಕ ಮೊದಲ ಔಷಧಿ ಎಜಡ್‌ಟಿಯಿಂದ ಶುರು ಮಾಡುತ್ತೇನೆ. ಅದು ಹೊಸದಾಗಿ ಕಂಡುಹಿಡಿದ ಔಷಧಿ ಏನಲ್ಲ. 1964ರಲ್ಲಿ ಕ್ಯಾನ್ಸರ್‌ಗೆ ಅಂತ ಮಾಡಿ, ಕೆಲಸಕ್ಕೆ ಬರಲಿಲ್ಲ ಅಂತ ಬಿಟ್ಟಿದ್ದರು. 1986ರಲ್ಲಿ ಏಡ್ಸ್‌ನ 282 ರೋಗಿಗಳ ಮೇಲೆ ಟ್ರಯಲ್ ಆಯಿತು. ಪ್ಲಾಸಿಬೊ, ಅಂದರೆ ಔಷಧಿಯೇ ಇಲ್ಲದ ಹುಸಿ ಗುಳಿಗೆ, ಪಡೆದವರಲ್ಲಿ 19 ಜನ ಸತ್ತರು, ಎಜಡ್‌ಟಿ ಪಡೆದವರಲ್ಲಿ ಒಬ್ಬರು. ಟ್ರಯಲ್ ಅಲ್ಲಿಗೇ ನಿಲ್ಲಿಸಿ ಎಲ್ಲರಿಗೂ ಔಷಧಿ ಕೊಟ್ಟರು. 1987ರ ಮಾರ್ಚ್‌ನಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಬರೋಸ್ ವೆಲ್‌ಕಮ್ ಕಂಪನಿ ಇಟ್ಟ ಬೆಲೆ ವರ್ಷಕ್ಕೆ ಸುಮಾರು 10,000 ಡಾಲರ್. ನಾಲ್ಕು ಗಂಟೆಗೊಮ್ಮೆ ನುಂಗಬೇಕು, ರಾತ್ರಿಯೂ ಸೇರಿ. ಸಭೆ ನಡುವೆ ಒಬ್ಬೊಬ್ಬರ ಜೇಬಿನಿಂದ ಅಲಾರಂ ಬಾರಿಸುತ್ತಿತ್ತಂತೆ.

ಆಕ್ಟ್ ಅಪ್‌ನ ಮೊದಲ ಪ್ರತಿಭಟನೆ ವಾಲ್ ಸ್ಟ್ರೀಟ್‌ನಲ್ಲಿ ನಡೆದದ್ದಕ್ಕೆ ಈ ಬೆಲೆಯೂ ಒಂದು ಕಾರಣ. ಆ ವರ್ಷದ ಕೊನೆಗೆ ಬೆಲೆ 8,000ಕ್ಕೆ ಇಳಿಯಿತು. 1989ರ ಸೆಪ್ಟೆಂಬರ್ 14ರಂದು ಆಕ್ಟ್ ಅಪ್‌ನ ಪೀಟರ್ ಸ್ಟೇಲಿ ಮತ್ತು ಗೆಳೆಯರು ಕೋಟು ಟೈ ಹಾಕಿ, ನಕಲಿ ಬ್ಯಾಡ್ಜ್ ಧರಿಸಿ ನ್ಯೂಯಾರ್ಕ್ ಷೇರುಪೇಟೆಯ ಒಳಗೆ ಹೋದರು. ಬಾಲ್ಕನಿಯ ಕಂಬಿಗೆ ತಮ್ಮನ್ನು ಸರಪಳಿಯಿಂದ ಕಟ್ಟಿಕೊಂಡು, ವ್ಯಾಪಾರ ಶುರುವಾಗುವ ಗಂಟೆ ಕೇಳಿಸದ ಹಾಗೆ ಹಾರನ್ ಊದಿದರು. ಸ್ಟೇಲಿ ಹಿಂದೆ ಬಾಂಡ್ ವ್ಯಾಪಾರದಲ್ಲಿ ಇದ್ದವರು, ಆ ಲೋಕದ ನಡೆನುಡಿ ಅವರಿಗೆ ಗೊತ್ತಿತ್ತು. ನಾಲ್ಕೇ ದಿನದಲ್ಲಿ ಕಂಪನಿ ಬೆಲೆಯನ್ನು ನೂರಕ್ಕೆ 20ರಷ್ಟು ಇಳಿಸಿತು, 6,400 ಡಾಲರ್‌ಗೆ. ಇದಂತೂ ಬೀದಿಗಿಳಿದದ್ದರ ನೇರ ಫಲ.

ನೀವು ಹೇಳಿದ ಎಫ್‌ಡಿಎ ಮುತ್ತಿಗೆ 1988ರ ಅಕ್ಟೋಬರ್ 11ರದ್ದು, ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ. ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು, 170ಕ್ಕೂ ಹೆಚ್ಚು ಜನರ ಬಂಧನವಾಯಿತು. ಆದರೆ ಹೋಗುವ ಮೊದಲೇ ಎಫ್‌ಡಿಎ ಹೇಗೆ ಕೆಲಸ ಮಾಡುತ್ತದೆ, ಯಾವ ಹಂತದಲ್ಲಿ ತಡವಾಗುತ್ತದೆ ಅಂತ ಕೈಪಿಡಿ ಮಾಡಿ ಎಲ್ಲರಿಗೂ ಪಾಠ ಮಾಡಿದ್ದರು. ಈ ಓದಿನ ಹಿಂದೆ ಇದ್ದವರು ಐರಿಸ್ ಲಾಂಗ್. ಕ್ವೀನ್ಸ್‌ನ ಒಬ್ಬ ಗೃಹಿಣಿ, ರಸಾಯನಶಾಸ್ತ್ರಜ್ಞೆ. ಔಷಧಿ ಕ್ಷೇತ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರಿಗೆ ಏಡ್ಸ್ ಇರಲಿಲ್ಲ, ಸಲಿಂಗಿ ಗೆಳೆಯರೂ ಇರಲಿಲ್ಲ. ಒಂದು ದಿನ ಸಭೆಗೆ ಬಂದು, ನಿಮಗೆ ಔಷಧಿ ವಿಷಯ ಏನೂ ಗೊತ್ತಿಲ್ಲ, ಕಲಿಯುವವರು ಬನ್ನಿ, ನಾನು ಹೇಳಿಕೊಡುತ್ತೇನೆ ಅಂದರು. ಹಾಗೆ ಕಲಿತವರಲ್ಲಿ ಮಾರ್ಕ್ ಹ್ಯಾರಿಂಗ್ಟನ್ ಒಬ್ಬರು. ವಿಜ್ಞಾನ ಓದಿದವರೇ ಅಲ್ಲ. ಗೊತ್ತಿಲ್ಲದ ಪದಗಳನ್ನೆಲ್ಲ ಬರೆದಿಟ್ಟುಕೊಂಡು ಒಂದು ಪದಕೋಶವನ್ನೇ ಮಾಡಿ ಹಂಚಿದರು. ಎರಡು ಮೂರು ವರ್ಷದಲ್ಲಿ ಇವರು ಸರ್ಕಾರದ ಏಡ್ಸ್ ಸಂಶೋಧನೆಯ ಮುಖ್ಯಸ್ಥರಾಗಿದ್ದ ಆಂಟನಿ ಫೌಚಿ ಎದುರು ಕೂತು ಟ್ರಯಲ್‌ನ ವಿನ್ಯಾಸದ ಮೇಲೆ ವಾದ ಮಾಡುತ್ತಿದ್ದರು. (ಇದೇ ಫೌಚಿ ಅವರನ್ನು ಆಕ್ಟ್ ಅಪ್ ಶುರುವಾಗಲು ಕಾರಣರಾದ ಲೇಖಕ ಲ್ಯಾರಿ ಕ್ರೇಮರ್ 1988ರಲ್ಲಿ ಪತ್ರಿಕೆಯಲ್ಲೇ ಕೊಲೆಗಾರ ಅಂತ ಬೈದಿದ್ದರು. ಆಮೇಲೆ ಇಬ್ಬರೂ ಸ್ನೇಹಿತರಾದರು. ಕ್ರೇಮರ್ 2020ರಲ್ಲಿ ತೀರಿಕೊಂಡರು.)

ಅವರ ಬೇಡಿಕೆ ಸರಳವಾಗಿತ್ತು. ಟ್ರಯಲ್‌ಗೆ ಸೇರಲು ಆಗದವರಿಗೂ, ಬೇರೆ ದಾರಿಯೇ ಇಲ್ಲದವರಿಗೂ, ಟ್ರಯಲ್ ನಡೆಯುತ್ತಿರುವಾಗಲೇ ಔಷಧಿ ಕೊಡಿ. 1989ರಲ್ಲಿ ಫೌಚಿ ಇದನ್ನು ಬಹಿರಂಗವಾಗಿ ಒಪ್ಪಿದರು. ಡಿಡಿಐ ಎಂಬ ಔಷಧಿ ಹಾಗೆ ಸಾವಿರಾರು ಜನರಿಗೆ ಅನುಮತಿಗೆ ಮೊದಲೇ ಸಿಕ್ಕಿತು.

ಈಗ ತಪ್ಪಿದ ಲೆಕ್ಕ. 1993ರಲ್ಲಿ ಕಾಂಕೋರ್ಡ್ ಎಂಬ ಟ್ರಯಲ್‌ನ ಫಲಿತಾಂಶ ಬಂತು. ಬ್ರಿಟನ್, ಐರ್ಲೆಂಡ್, ಫ್ರಾನ್ಸ್ ಸೇರಿ ಸುಮಾರು 1,750 ಜನ, ಸುಮಾರು ಮೂರು ವರ್ಷ. ಕಾಯಿಲೆಯ ಲಕ್ಷಣ ಕಾಣುವ ಮೊದಲೇ ಎಜಡ್‌ಟಿ ಒಂದನ್ನೇ ಕೊಟ್ಟರೆ ಜಾಸ್ತಿ ಬದುಕುತ್ತಾರಾ? ಇಲ್ಲ ಅಂತ ಉತ್ತರ. ಸಿಡಿ4, ಅಂದರೆ ರೋಗ ತಡೆಯುವ ರಕ್ತಕಣಗಳ, ಎಣಿಕೆ ಏರಿತ್ತು, ಆಯುಷ್ಯ ಏರಿರಲಿಲ್ಲ. ಯೋಚನೆ ಮಾಡಿ, ಇದಕ್ಕಾಗಿ ಸರಪಳಿ ಕಟ್ಟಿಕೊಂಡು ಜೈಲಿಗೆ ಹೋದವರಿಗೆ ಹೇಗಾಗಿರಬೇಕು. ಚಿತ್ರದಲ್ಲಿ ಆ ಭಾಗ ಬಂದಾಗ ಎಲ್ಲರ ಮುಖದಲ್ಲೂ ಸುಸ್ತು ಕಾಣುತ್ತದೆ, ಗಮನಿಸಿದಿರಾ?

ಆಗಲೇ ಹ್ಯಾರಿಂಗ್ಟನ್, ಸ್ಟೇಲಿ, ಸ್ಪೆನ್ಸರ್ ಕಾಕ್ಸ್ ಮುಂತಾದವರು 1992ರಲ್ಲೇ ಬೇರೆಯಾಗಿ ಟ್ರೀಟ್‌ಮೆಂಟ್ ಆ್ಯಕ್ಷನ್ ಗ್ರೂಪ್ ಕಟ್ಟಿಕೊಂಡಿದ್ದರು. 1994ರಲ್ಲಿ ಸಕ್ವಿನಾವಿರ್ ಎಂಬ ಹೊಸ ಬಗೆಯ ಔಷಧಿಗೆ, ವೈರಸ್ ಬೆಳೆಯಲು ಬೇಕಾದ ಪ್ರೋಟಿಯೇಸ್ ಎಂಬ ಕಿಣ್ವವನ್ನು ತಡೆಯುವಂಥದ್ದಕ್ಕೆ, ಕಂಪನಿ ಬೇಗ ಅನುಮತಿ ಕೇಳಲು ಹೊರಟಿತ್ತು. ಇದೇ ಹೋರಾಟಗಾರರು ಎಫ್‌ಡಿಎಗೆ ಪತ್ರ ಬರೆದು, ಅವಸರ ಬೇಡ, ಜಾಸ್ತಿ ಜನರ ಮೇಲೆ ಸರಿಯಾದ ಟ್ರಯಲ್ ಮಾಡಿಸಿ, ಸಾವು ಕಡಿಮೆಯಾಗುತ್ತದಾ ಅಂತ ತೋರಿಸಿ ಅಂದರು. ಬೇರೆ ಗುಂಪಿನವರು ಇವರನ್ನು ದ್ರೋಹಿಗಳೆಂಬಂತೆ ನೋಡಿದರು. ನೀವು ಕ್ಲಾಸಿನಲ್ಲಿ ಹೇಳುವ ಮಾತನ್ನೇ ಅವರು ಹೇಳಿದ್ದು ನೋಡಿ, ಅದೂ ತಮ್ಮ ಪ್ರಾಣ ಒತ್ತೆ ಇಟ್ಟು.

ಆಮೇಲೆ ಬಂದದ್ದು ಅದೇ ಬಗೆಯ ಇನ್ನೊಂದು ಔಷಧಿ ರಿಟೋನಾವಿರ್‌ನ ಟ್ರಯಲ್. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಕಾಕ್ಸ್ ಅದರ ವಿನ್ಯಾಸಕ್ಕೆ ದುಡಿದರು. ಸಿಡಿ4 ನೂರಕ್ಕಿಂತ ಕೆಳಗಿದ್ದ ಸುಮಾರು 1,090 ರೋಗಿಗಳು. ಈಗಾಗಲೇ ತೆಗೆದುಕೊಳ್ಳುತ್ತಿದ್ದ ಔಷಧಿ ನಿಲ್ಲಿಸಬೇಕಿಲ್ಲ. ಅದರ ಮೇಲೆ ರಿಟೋನಾವಿರ್ ಅಥವಾ ಪ್ಲಾಸಿಬೊ. ಸುಮಾರು ಆರು ತಿಂಗಳಲ್ಲೇ ಉತ್ತರ ಸಿಕ್ಕಿತು, ಸಾವು ಹೆಚ್ಚುಕಡಿಮೆ ಅರ್ಧ. 1996ರ ಮಾರ್ಚ್‌ನಲ್ಲಿ ಎಫ್‌ಡಿಎ 72 ದಿನದಲ್ಲಿ ರಿಟೋನಾವಿರ್‌ಗೂ, 42 ದಿನದಲ್ಲಿ ಅದೇ ಬಗೆಯ ಇಂಡಿನಾವಿರ್‌ಗೂ ಅನುಮತಿ ಕೊಟ್ಟಿತು. ಮೊದಲು ಒಂದು ಔಷಧಿ ಲ್ಯಾಬಿನಿಂದ ಅನುಮತಿವರೆಗಿನ ಪೂರ್ತಿ ದಾರಿ ದಾಟಲು ಸಾಮಾನ್ಯವಾಗಿ ವರ್ಷಗಟ್ಟಲೆ ಹಿಡಿಯುತ್ತಿತ್ತು. 1997ರಲ್ಲಿ ಅಮೆರಿಕದಲ್ಲಿ ಏಡ್ಸ್ ಸಾವು ಹಿಂದಿನ ವರ್ಷಕ್ಕಿಂತ ನೂರಕ್ಕೆ 40ಕ್ಕಿಂತ ಜಾಸ್ತಿ ಇಳಿಯಿತು.

ಪ್ರೋಟಿಯೇಸ್ ಔಷಧಿಯ ಅಣುವನ್ನು ಕಟ್ಟಿದ್ದು ಕಂಪನಿಗಳ ವಿಜ್ಞಾನಿಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಅಣು ಲ್ಯಾಬಿನಿಂದ ಹೊರಟು ರೋಗಿಯ ಕೈಗೆ ಬರುವ ದಾರಿಯನ್ನು ಈ ಜನ ಮೊದಲೇ ಅಗೆದು ಸಮ ಮಾಡಿಟ್ಟಿದ್ದರು.

ಕೆಂಪುಹಂಚು:

ಜೆರ್ಸಿಯವರು ಬರೆದದ್ದೆಲ್ಲ ಸರಿ, ಆದರೆ ಈ ಚಿತ್ರ ತೋರಿಸಿದಷ್ಟೇ ಆಕ್ಟ್ ಅಪ್ ಅಂದುಕೊಳ್ಳಬೇಡಿ. ಹಾಗೆ ಅಂದುಕೊಂಡರೆ ಔಷಧಿ ಕಮಿಟಿಯಲ್ಲಿ ಕೂತ ಕೆಲವು ಬಿಳಿಯ ಗಂಡಸರ ಕಥೆಯಾಗಿ ಉಳಿದುಬಿಡುತ್ತದೆ. ನನಗೆ ಈ ಚಿತ್ರದ ಮೇಲೆ ಗೌರವವಿದೆ, ಆದರೂ ಇದು ಹೇಳಲೇಬೇಕು.

ಹೆಂಗಸರ ವಿಷಯ ತೆಗೆದುಕೊಳ್ಳಿ. ಏಡ್ಸ್ ಅಂದರೆ ಏನು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಪಟ್ಟಿ ಇಟ್ಟುಕೊಂಡಿತ್ತು. ಈ ಈ ಸೋಂಕು, ಈ ಕ್ಯಾನ್ಸರ್ ಬಂದರೆ ಮಾತ್ರ ಏಡ್ಸ್. ಆ ಪಟ್ಟಿ ಗಂಡಸರಲ್ಲಿ ಕಂಡ ಕಾಯಿಲೆಗಳಿಂದ ಆಗಿದ್ದು. ಎಚ್‌ಐವಿ ಇದ್ದ ಹೆಂಗಸಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಂದರೆ ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲ ಅಂದರೆ ಸುಮ್ನೆ ಕಾಗದದ ಮಾತಲ್ಲ. ಅಂಗವೈಕಲ್ಯದ ಸರ್ಕಾರಿ ಹಣ ಆ ಪಟ್ಟಿಯ ಮೇಲೆಯೇ ನಿಂತಿತ್ತು. ಕೆಲಸ ಮಾಡಲಾಗದೆ ಹಾಸಿಗೆ ಹಿಡಿದ ಹೆಂಗಸಿಗೆ ನಿನಗೆ ಏಡ್ಸ್ ಇಲ್ಲ ಹೋಗು ಅನ್ನುತ್ತಿದ್ದರು. ಹೆಂಗಸರಿಗೆ ಏಡ್ಸ್ ಬರುವುದಿಲ್ಲ, ಅವರು ಅದರಿಂದ ಸಾಯುತ್ತಾರೆ ಅಷ್ಟೇ, ಅಂತ ಆಕ್ಟ್ ಅಪ್‌ನ ಹೆಂಗಸರು ಫಲಕ ಹಿಡಿದರು. ಕೋರ್ಟಿಗೂ ಹೋಯಿತು. ಕೊನೆಗೆ 1993ರ ಜನವರಿ 1ರಿಂದ ಪಟ್ಟಿ ಬದಲಾಯಿತು. ಗರ್ಭಕೋಶದ ಕೊರಳಿನ ಕ್ಯಾನ್ಸರ್, ಶ್ವಾಸಕೋಶದ ಟಿಬಿ, ಮತ್ತೆ ಮತ್ತೆ ಬರುವ ನ್ಯುಮೋನಿಯಾ, ಸಿಡಿ4 ಇನ್ನೂರಕ್ಕಿಂತ ಕಡಿಮೆ, ಇವೆಲ್ಲ ಸೇರಿದವು.

ಕತ್ರಿನಾ ಹ್ಯಾಸ್ಲಿಪ್ ಹೆಸರು ಹೇಳದೆ ಇದನ್ನು ಮುಗಿಸಲಾರೆ. ಕಪ್ಪು ಹೆಂಗಸು. ನ್ಯೂಯಾರ್ಕಿನ ಬೆಡ್‌ಫರ್ಡ್ ಹಿಲ್ಸ್ ಜೈಲಿನಲ್ಲಿದ್ದಾಗಲೇ ಎಚ್‌ಐವಿ ಇದ್ದ ಕೈದಿಗಳನ್ನು ಸೇರಿಸಿ ಒಬ್ಬರಿಗೊಬ್ಬರು ಆಗುವ ಹಾಗೆ ಮಾಡಿದವರು. ಹೊರಗೆ ಬಂದ ಮೇಲೂ ಈ ಪಟ್ಟಿಗಾಗಿ ಹೋರಾಡಿದರು. 1992ರ ಡಿಸೆಂಬರ್ ಶುರುವಿನಲ್ಲಿ ಸತ್ತರು. ಪಟ್ಟಿ ಬದಲಾಗಲು ಒಂದು ತಿಂಗಳೂ ಉಳಿದಿರಲಿಲ್ಲ.

ಹಾಗೇ ಸಿರಿಂಜ್ ವಿಷಯ. ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಶುದ್ಧ ಸೂಜಿ ಹಂಚುವುದು ಆಗ ನ್ಯೂಯಾರ್ಕಿನಲ್ಲಿ ಅಪರಾಧ. 1990ರಲ್ಲಿ ಲೋಯರ್ ಈಸ್ಟ್ ಸೈಡ್‌ನ ಬೀದಿಯಲ್ಲಿ ಬೇಕೆಂದೇ ಹಂಚಿ ಬಂಧನಕ್ಕೊಳಗಾದರು. ಮರುವರ್ಷ ನ್ಯಾಯಾಧೀಶರು, ದೊಡ್ಡ ಅಪಾಯ ತಪ್ಪಿಸಲು ಸಣ್ಣ ಕಾನೂನು ಮುರಿದಿದ್ದಾರೆ ಅಂತ ಒಪ್ಪಿ ಬಿಟ್ಟರು. ಇದಕ್ಕೆ ಯಾವ ಹೊಸ ಔಷಧಿಯೂ ಬೇಕಿರಲಿಲ್ಲ, ಒಂದು ಸೂಜಿ ಸಾಕಿತ್ತು.

ಜಿಮ್ ಹಬ್ಬರ್ಡ್ ಮಾಡಿದ ‘ಯುನೈಟೆಡ್ ಇನ್ ಆ್ಯಂಗರ್’ ಕೂಡ 2012ರದ್ದೇ. ಅದೇ ಗುಂಪಿನ ಕಥೆ, ಆದರೆ ಹೆಂಗಸರು, ಕಪ್ಪು ಜನ, ಲ್ಯಾಟಿನೊಗಳು ಅದರಲ್ಲಿ ಜಾಸ್ತಿ ಕಾಣುತ್ತಾರೆ. ಆಗುವುದಾದರೆ ಮಕ್ಕಳಿಗೆ ಎರಡನ್ನೂ ತೋರಿಸಿ.

ಮಲಪ್ರಭೆ_ಅಕ್ಕ:

ತುಂಗಾತೀರ ಮೇಡಂ, ನಾನು ಉತ್ತರ ಕರ್ನಾಟಕದಲ್ಲಿ ಬಹಳ ವರ್ಷ ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ಕೇಂದ್ರದಲ್ಲಿ, ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಇಂಗ್ಲಿಷ್ ಚಿತ್ರ ಪೂರ್ತಿ ಅರ್ಥವಾಗಲಿಲ್ಲ, ಮಗಳು ಪಕ್ಕದಲ್ಲಿ ಕೂತು ಹೇಳಿದಳು. ಆದರೆ ಆ ಮುಖಗಳು ನನಗೆ ಅರ್ಥವಾದವು. ಕೆನ್ನೆ ಒಳಗೆ ಹೋಗಿ ಕಣ್ಣು ಮಾತ್ರ ದೊಡ್ಡದಾಗಿ ಕಾಣುವ ಮುಖ ನಾನು ಎಷ್ಟೋ ನೋಡಿದ್ದೇನೆ.

ನೀವು ಬೇಗ ಬಂತಾ ಅಂತ ಕೇಳಿದಿರಿ. ನಾನು ಒಂದು ಹಳೇ ಗುಳಿಗೆಯ ಮಾತು ಹೇಳುತ್ತೇನೆ. ಸೆಪ್ಟ್ರಾನ್ ನಿಮಗೆ ಗೊತ್ತೇ ಇದೆ, ಕೋಟ್ರೈಮಾಕ್ಸಜೋಲ್. ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ, ಕೈಗೆಟುಕುವ ಬೆಲೆಯ ಗುಳಿಗೆ. ಏಡ್ಸ್ ಬಂದವರನ್ನು ಮೊದಲ ವರ್ಷಗಳಲ್ಲಿ ಜಾಸ್ತಿ ಕೊಂದದ್ದು ಒಂದು ಬಗೆಯ ನ್ಯುಮೋನಿಯಾ, ಪಿಸಿಪಿ ಅನ್ನುತ್ತಾರೆ. ಅದನ್ನು ಈ ಗುಳಿಗೆಯಿಂದ ತಡೆಯಬಹುದು. ನ್ಯೂಯಾರ್ಕಿನಲ್ಲಿ ಜೋಸೆಫ್ ಸೊನ್ನಬೆಂಡ್ ಎಂಬ ಡಾಕ್ಟರು ತಮ್ಮ ರೋಗಿಗಳಿಗೆ ಕೊಡುತ್ತಿದ್ದರು. ಅವರ ರೋಗಿ ಮೈಕಲ್ ಕ್ಯಾಲನ್, ಹಾಡುಗಾರ, 1987ರಲ್ಲಿ ಫೌಚಿ ಬಳಿ ಹೋಗಿ, ರೋಗಿಗಳಿಗೆ ಇದನ್ನು ಕೊಡಿ ಅಂತ ಎಲ್ಲ ಡಾಕ್ಟರಿಗೂ ಒಂದು ಸೂಚನೆ ಕಳಿಸಿ, ಅಷ್ಟು ಸಾಕು ಅಂತ ಕೇಳಿಕೊಂಡರು. ಟ್ರಯಲ್‌ನ ಪುರಾವೆ ಬೇಕು ಅಂತ ಉತ್ತರ ಬಂತು. ಸರ್ಕಾರದ ಸೂಚನೆ ಹೊರಟದ್ದು 1989ರಲ್ಲಿ. ಆ ಎರಡು ವರ್ಷದಲ್ಲಿ ಸತ್ತವರಿಗೆ ಬೇಕಾಗಿದ್ದ ಗುಳಿಗೆ ಅಂಗಡಿಯಲ್ಲೇ ಇತ್ತು ಮೇಡಂ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆಗ ಅವರು ಕೈಕಟ್ಟಿ ಕೂರಲಿಲ್ಲ. ರೋಗಿಗಳು, ಊರಿನ ಡಾಕ್ಟರುಗಳು ಸೇರಿ ತಾವೇ ಟ್ರಯಲ್ ನಡೆಸಿದರು. ಪೆಂಟಾಮಿಡಿನ್ ಎಂಬ ಔಷಧಿಯನ್ನು ಆವಿಯಾಗಿ ಎಳೆದುಕೊಂಡು ಅದೇ ನ್ಯುಮೋನಿಯಾ ತಡೆಯುವುದು. ದೊಡ್ಡ ಆಸ್ಪತ್ರೆಗಳ ಹೊರಗೆ ಹೀಗೆ ನಡೆದ ಟ್ರಯಲ್ ನೋಡಿ ಎಫ್‌ಡಿಎ 1989ರಲ್ಲಿ ಅನುಮತಿ ಕೊಟ್ಟಿತು. ಪುರಾವೆ ಬೇಕಾ, ತಗೊಳ್ಳಿ ಅಂತ ತಂದಿಟ್ಟರು.

ನಮ್ಮ ಕಡೆ ಎಆರ್‌ಟಿ, ಅಂದರೆ ಎಚ್‌ಐವಿ ಔಷಧಿ, ಕೊಡುವ ಸೆಂಟರಿನಲ್ಲಿ ಇವತ್ತಿಗೂ ಸಿಡಿ4 ಕಡಿಮೆ ಇದ್ದವರಿಗೆ ಈ ಗುಳಿಗೆ ಕೊಡುತ್ತಾರೆ. ಅದನ್ನು ಕೈಗೆ ಕೊಟ್ಟು, ತಪ್ಪಿಸಬೇಡಪ್ಪಾ, ದಿನಾ ನುಂಗು ಅಂತ ಎಷ್ಟು ಜನರಿಗೆ ಹೇಳಿದ್ದೇನೋ. ಅದರ ಹಿಂದೆ ಇಷ್ಟು ಕಥೆ ಇದೆ ಅಂತ ಆಗ ಯಾರೂ ಹೇಳಿರಲಿಲ್ಲ.

ಇನ್ನೊಂದು. 1996ರಲ್ಲಿ ಅಮೆರಿಕದಲ್ಲಿ ಬದುಕಿಕೊಂಡರು ಅಂತ ಚಿತ್ರ ಮುಗಿಯುತ್ತದೆ. ನಮ್ಮಲ್ಲಿ ಸರ್ಕಾರ ಉಚಿತವಾಗಿ ಎಆರ್‌ಟಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಮೊದಲು ಎಂಟೇ ಆಸ್ಪತ್ರೆ, ನಮ್ಮ ರಾಜ್ಯವೂ ಅದರಲ್ಲಿತ್ತು. ನಡುವಿನ ಎಂಟು ವರ್ಷ? 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಔಷಧಿಯನ್ನು ವರ್ಷಕ್ಕೆ 350 ಡಾಲರ್‌ಗೆ, ಅಂದರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ, ಆಫ್ರಿಕಾದಲ್ಲಿ ಕೆಲಸ ಮಾಡುವ ಡಾಕ್ಟರುಗಳ ಸಂಸ್ಥೆಗೆ ಕೊಡುತ್ತೇನೆ ಅಂದರು. ಅಮೆರಿಕದಲ್ಲಿ ಆಗ ಅದಕ್ಕೆ 10,000 ಡಾಲರ್‌ಗೂ ಜಾಸ್ತಿ. ಹಾಗೆ ಇಳಿದ ಬೆಲೆಯೂ ನಮ್ಮ ಹಳ್ಳಿಯವರಿಗೆ ದೊಡ್ಡದೇ. ಗಂಡನ ಗುಳಿಗೆಗೆ ಎಮ್ಮೆ ಮಾರಿ, ಎರಡು ತಿಂಗಳು ಕೊಂಡು, ಮೂರನೇ ತಿಂಗಳು ನಿಲ್ಲಿಸಿದ ಹೆಣ್ಣುಮಗಳು ನನ್ನ ಎದುರು ಕೂತು ಅತ್ತಿದ್ದಾಳೆ. ಆಕೆಗೂ ಸೋಂಕು ಇತ್ತು. ತನ್ನ ಗುಳಿಗೆಯ ಮಾತೇ ಎತ್ತಲಿಲ್ಲ. ಉಚಿತ ಔಷಧಿ ನಮ್ಮ ಜಿಲ್ಲೆಗೆ ಬಂದ ಮೇಲೆ ಆಕೆ ಉಳಿದಳು, ಗಂಡ ಉಳಿಯಲಿಲ್ಲ.

ಕಡಲಮಗಳು:

ನಾನು ಮಂಗಳೂರಿನ ಕ್ಯಾಥೊಲಿಕ್. ಚರ್ಚ್ ದೃಶ್ಯದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅದು 1989ರ ಡಿಸೆಂಬರ್ 10, ಸೇಂಟ್ ಪ್ಯಾಟ್ರಿಕ್ಸ್ ಕ್ಯಾಥೆಡ್ರಲ್. ಹೊರಗೆ ಸುಮಾರು 4,500 ಜನ, ಒಟ್ಟು 111 ಜನರ ಬಂಧನ. ನ್ಯೂಯಾರ್ಕಿನ ಆರ್ಚ್‌ಬಿಷಪ್ ಕಾರ್ಡಿನಲ್ ಓ’ಕಾನರ್ ಕಾಂಡೋಮ್ ಬಗ್ಗೆ ತಿಳಿಸುವುದನ್ನೇ ವಿರೋಧಿಸುತ್ತಿದ್ದರು, ಅವರ ಮಾತು ನಗರದ ಶಾಲೆಗಳವರೆಗೆ ನಡೆಯುತ್ತಿತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಒಬ್ಬರು ಪರಮಪ್ರಸಾದವನ್ನು, ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಪುಡಿ ಮಾಡಿ ನೆಲಕ್ಕೆ ಹಾಕಿದರು. ಅದು ನನಗೆ ನೋವಿನ ವಿಷಯ, ಇವತ್ತಿಗೂ. ಆಕ್ಟ್ ಅಪ್ ಒಳಗೇ ಎಷ್ಟೋ ಜನ ಅದನ್ನು ಒಪ್ಪಲಿಲ್ಲ.

ಆದರೆ ಇನ್ನೊಂದು ಕಡೆಯೂ ಹೇಳಬೇಕು. ಗ್ರೀನಿಚ್ ವಿಲೇಜ್‌ನಲ್ಲಿದ್ದ ಸೇಂಟ್ ವಿನ್ಸೆಂಟ್ಸ್ ಕ್ಯಾಥೊಲಿಕ್ ಆಸ್ಪತ್ರೆಯೇ. 1984ರಲ್ಲಿ ಏಡ್ಸ್‌ಗೆಂದೇ ವಾರ್ಡ್ ತೆರೆದಿತ್ತು. ಅಲ್ಲಿ ಸತ್ತವರಿಗೆ ಲೆಕ್ಕವಿಲ್ಲ, ಅಲ್ಲಿ ಕೈ ಹಿಡಿದು ಕೂತ ಸಿಸ್ಟರ್‌ಗಳಿಗೂ ಲೆಕ್ಕವಿಲ್ಲ. ಆಸ್ಪತ್ರೆ 2010ರಲ್ಲಿ ಮುಚ್ಚಿತು. ಅದರ ಎದುರಿನ ಪಾರ್ಕಿನಲ್ಲಿ ಈಗ ನಗರದ ಏಡ್ಸ್ ಸ್ಮಾರಕ ಇದೆ. ನಾನು ಅಣ್ಣನ ಮನೆಗೆ ಹೋಗಿದ್ದಾಗ ಅಲ್ಲಿ ಹೋಗಿ ಸ್ವಲ್ಪ ಹೊತ್ತು ಕೂತು ಬಂದೆ. ಮಕ್ಕಳಿಗೆ ಆ ದೃಶ್ಯ ಕತ್ತರಿಸದೆ ತೋರಿಸಿ ಮೇಡಂ. ಜೊತೆಗೆ ಸೇಂಟ್ ವಿನ್ಸೆಂಟ್ಸ್ ವಿಷಯವನ್ನೂ ಹೇಳಿ.

ಬಸವನಗುಡಿ_ಬಿಸಿಲು:

ಯಾರೂ ಹೇಳದ ಒಂದು ಹೆಸರು ಸೇರಿಸುತ್ತೇನೆ. ಡೊಮಿನಿಕ್ ಡಿಸೋಜ, ಗೋವಾದವರು. ಸ್ಟೇಲಿ ಷೇರುಪೇಟೆಯ ಬಾಲ್ಕನಿ ಹತ್ತಿದ ಅದೇ 1989. ಡೊಮಿನಿಕ್ ರಕ್ತದಾನ ಮಾಡುತ್ತಿದ್ದವರು, ಆ ರಕ್ತದ ಪರೀಕ್ಷೆಯಿಂದಲೇ ಎಚ್‌ಐವಿ ಇದೆ ಅಂತ ಗೊತ್ತಾಯಿತು. ಅವರಿಗೆ ಹೇಳುವ ಮೊದಲೇ ಪೊಲೀಸರು ಕರೆದುಕೊಂಡು ಹೋದರು. ಗೋವಾದ ಆಗಿನ ಕಾನೂನಿನ ಪ್ರಕಾರ ಸೋಂಕು ಇದ್ದವರನ್ನು ಕೂಡಿಹಾಕಬಹುದಿತ್ತು. ಹಳೇ ಟಿಬಿ ಆಸ್ಪತ್ರೆಯೊಂದರಲ್ಲಿ 64 ದಿನ ಒಬ್ಬರನ್ನೇ ಇಟ್ಟರು. ತಾಯಿ ಲೂಸಿ ಹೈಕೋರ್ಟಿಗೆ ಹೋದರು. ಗೆಳೆಯರು, ಊರಿನವರು ಬೀದಿಗಿಳಿದರು. ಹೊರಗೆ ಬಂದ ಡೊಮಿನಿಕ್ ಸುಮ್ಮನಿರಲಿಲ್ಲ, ಪಾಸಿಟಿವ್ ಪೀಪಲ್ ಎಂಬ ಸಂಸ್ಥೆ ಕಟ್ಟಿದರು. 1992ರಲ್ಲಿ ತೀರಿಕೊಂಡರು.

ದೆಹಲಿಯಲ್ಲಿ ಏಡ್ಸ್ ಭೇದಭಾವ ವಿರೋಧಿ ಆಂದೋಲನ ಎಂಬ ಗುಂಪು ಅದೇ ಕಾಲದ್ದು. ಸೋಂಕಿತರನ್ನು ಕೂಡಿಹಾಕಲು ಅವಕಾಶ ಕೊಡುವ ಒಂದು ಮಸೂದೆ 1989ರಲ್ಲಿ ರಾಜ್ಯಸಭೆಗೆ ಬಂದಿತ್ತು. ಅದನ್ನು ವಿರೋಧಿಸಿದವರಲ್ಲಿ ಇವರು ಮುಂದೆ ಇದ್ದರು, ಕೊನೆಗೆ ಅದು ಹಿಂದಕ್ಕೆ ಹೋಯಿತು. ಎಚ್‌ಐವಿ ಇದ್ದವರಿಗೆ ತಾರತಮ್ಯ ಮಾಡಬಾರದು ಅನ್ನುವ ನಮ್ಮ ಕಾನೂನು 2017ರದ್ದು, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ಕ್ಕೆ. ಅದಕ್ಕೆ ನಾಲ್ಕು ದಿನ ಮೊದಲು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್‌ನ ತೀರ್ಪು, ಸಲಿಂಗ ಸಂಬಂಧ ಅಪರಾಧವಲ್ಲ ಅಂತ, ಕೊಟ್ಟಿತ್ತು. ಆ ದಿನ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದ್ದೆ. ನನ್ನ ಬಗ್ಗೆ ಇಲ್ಲಿ ಇಷ್ಟು ಸಾಕು. ಈ ಚಿತ್ರ ನೋಡುವಾಗ ನಾನು ಆ ಹುಡುಗರನ್ನು ಬೇರೆ ದೇಶದವರು ಅಂತ ನೋಡಲು ಆಗಲೇ ಇಲ್ಲ.

ತುಂಗಾತೀರ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಜೆರ್ಸಿಯವರೇ, ಕಾಂಕೋರ್ಡ್‌ನ ಭಾಗವನ್ನು ನಾನು ಸರಿಯಾಗಿ ಹಿಡಿದಿರಲಿಲ್ಲ. ಮತ್ತೆ ಹಾಕಿ ನೋಡಿದೆ. ನೀವು ಹೇಳಿದ ಸುಸ್ತು ಈಗ ಕಂಡಿತು. ಒಂದು ಕೇಳುತ್ತೇನೆ. ಸ್ಪೆನ್ಸರ್ ಕಾಕ್ಸ್ ಚಿತ್ರದ ಕೊನೆಯಲ್ಲಿ ಬದುಕಿರುತ್ತಾರೆ. ಈಗ ಎಲ್ಲಿದ್ದಾರೆ?

ಜೆರ್ಸಿ_ಕನ್ನಡಿಗ:

ಇಲ್ಲ. ಚಿತ್ರ ಬಿಡುಗಡೆಯಾದ ವರ್ಷವೇ, 2012ರ ಡಿಸೆಂಬರ್‌ನಲ್ಲಿ ಹೋದರು. 44 ವಯಸ್ಸು. ಕೆಲವು ತಿಂಗಳಿಂದ ಔಷಧಿ ನಿಲ್ಲಿಸಿದ್ದರಂತೆ. ಯಾವ ಔಷಧಿಯ ಟ್ರಯಲ್‌ಗೆ ದುಡಿದರೋ ಆ ಬಗೆಯ ಔಷಧಿಯನ್ನೇ. ಆ ವರ್ಷಗಳನ್ನು ದಾಟಿ ಬಂದವರಲ್ಲಿ ಖಿನ್ನತೆ, ಒಂಟಿತನ ಎಷ್ಟಿದೆ ಅಂತ ಅವರೇ ಮೊದಲು ಗಟ್ಟಿಯಾಗಿ ಮಾತಾಡಿದವರಲ್ಲಿ ಒಬ್ಬರು, ಅದಕ್ಕೆಂದೇ ಒಂದು ಸಂಸ್ಥೆಯನ್ನೂ ಶುರು ಮಾಡಿದ್ದರು. ಹಣ ಸಿಗದೆ ಅದು ನಿಂತಿತು.

ಮಲಪ್ರಭೆ_ಅಕ್ಕ:

ಔಷಧಿ ನಿಲ್ಲಿಸಿ ಬರುವವರು ನಮ್ಮಲ್ಲೂ ಇದ್ದಾರೆ. ಯಾಕೆ ನಿಲ್ಲಿಸಿದೆ ಅಂತ ಮೊದಲೇ ಕೇಳಬಾರದು. ಊಟ ಆಯ್ತಾ ಅಂತ ಕೇಳಬೇಕು, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಬೇಕು. ಮೇಡಂ, ನಿಮ್ಮ ಮಕ್ಕಳು ನಾಳೆ ಕೌಂಟರ್‌ನಲ್ಲಿ ನಿಂತು ಗುಳಿಗೆ ಕೊಡುವವರು, ಅವರಿಗೆ ಇದನ್ನೂ ಹೇಳಿ.

ತುಂಗಾತೀರ:

ಹೇಳುತ್ತೇನೆ ಅಕ್ಕಾ. ಮುಂದಿನ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಇಟ್ಟಿದ್ದೇನೆ, ಮೂರನೇ ವರ್ಷದವರಿಗೆ. 1988ರ ಮುತ್ತಿಗೆಯ ಹತ್ತಿರ ನಿಲ್ಲಿಸಿ ಒಂದು ಹಾಳೆ ಕೊಡುತ್ತೇನೆ. ಸಾಯುತ್ತಿರುವ ರೋಗಿಗೆ ಪ್ಲಾಸಿಬೊ ಕೊಡಬೇಕಾ, ಕೊಡದೆ ಹೇಗೆ ಟ್ರಯಲ್ ಮಾಡುತ್ತೀರಿ, ಬರೆಯಿರಿ ಅಂತ. ಬರೆದದ್ದನ್ನು ಇಟ್ಟುಕೊಂಡು ರಿಟೋನಾವಿರ್ ಬಂದಾಗ ಮತ್ತೆ ಓದಿಸುತ್ತೇನೆ. ಹ್ಯಾಸ್ಲಿಪ್ ಹೆಸರು, ಡೊಮಿನಿಕ್ ಹೆಸರು ಬೋರ್ಡಿನ ಮೇಲೆ ಮೊದಲೇ ಬರೆದಿಡುತ್ತೇನೆ. ಸೆಪ್ಟ್ರಾನ್ ಗುಳಿಗೆಯ ಒಂದು ಸ್ಟ್ರಿಪ್ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಡುತ್ತೇನೆ. ಅವರು ಏನು ಬರೆದರು ಅಂತ ಭಾನುವಾರ ಇಲ್ಲಿ ಹಾಕುತ್ತೇನೆ.